ಬೆಟ್ಟ ಇಳಿದ್ರೆ ಸಂಬ್ಳಾನೂ ಇಳೀತೈತೆ

ಮಿಲಿಟ್ರಿಯಿಂದ ರಿಟೈರಾಗಿ ಊರಿಗೆ ಬಂದೋನ್ಗೆ ಬಂದೂಕದ ಸದ್ದು ಅಲ್ಲೇ ನಿಂತೋಗ್ತೈತೆ. "ಎಷ್ಟು ಬತ್ತೈತೆ?" ಅನ್ನೋ ಸದ್ದು ಮಾತ್ರ ಸಾಯೋಗಂಟ ನಿಲ್ಲಲ್ಲ ಕಣಪ್ಪ. ನಾನು ನಾಯಬ್ ಸುಬೇದಾರ್ ಆಗಿ ಇಳಿದು ಹಿಂದೂಪುರದಾಗೆ ಮನೆ ಮಾಡ್ಕೊಂಡಿದೀನಿ. ಹಾಲು ತರೋಕೋದ್ರೆ ಹಾಲ್ನೋನು ಕೇಳ್ತಾನೆ. ಗಡ್ಡ ಕೆರೆಸೋಕೆ ಕೂತ್ರೆ, ಕತ್ತಿ ಗಂಟಲ ಮೇಲಿಟ್ಕೊಂಡು ಅವ್ನೂ ಕೇಳ್ತಾನೆ. ಕತ್ತಿ ಇದ್ದಾಗ ನಿಜ ಹೇಳ್ತೀನಿ. ಮಿಕ್ಕಿದ್ ಕಡೆ ಎದ್ರುಗಿರೋನ ಮುಖ ನೋಡ್ಕೊಂಡು ಏರಿಸ್ತೀನಿ, ಇಳಿಸ್ತೀನಿ.

ನನ್ ಸಂಬ್ಳದ ಮಾತು ಹಳೇದಾಯ್ತು. ಈಗ ನಡೀತಿರೋದೆಲ್ಲ ನಮ್ಮಳಿಯಂದು. ಸಿಪಾಯಿಯಾಗಿ ಸೇರ್ದೋನು, ಒಂದೊಂದೇ ಮೆಟ್ಲು ಹತ್ತಿ ಈಗ ಅವ್ನೂ ನಾಯಬ್ ಸುಬೇದಾರು. ಇನ್ನೂ ಸರ್ವೀಸ್ನಾಗವ್ನೆ. ಅವ್ನ ಹೆಂಡ್ತಿ, ಅಂದ್ರೆ ನನ್ ಮಗ್ಳು, ಮಕ್ಳನ್ನ ಕಟ್ಕೊಂಡು ಕಲ್ಯಾಣದುರ್ಗದಾಗೆ ಅತ್ತೆ ಮಾವನ ಮನೇಲವ್ಳೆ. ಬೀಗ್ರಿಗೆ ಕುಂದುರ್ಪಿ ಕಡೆ ಕಡ್ಲೇಕಾಯಿ ಹೊಲ ಐತೆ, ಒಂದು ಮಂದೆ ಕುರಿ ಐತೆ. ಬುದ್ಧಿ ಚುರುಕು. ಕುರಿ ಮುಟ್ಟಿ ನೋಡಿ ತೂಕ ಹೇಳ್ಬುಡ್ತಾರೆ. ಮಗನ ಸಂಬ್ಳ ಮಾತ್ರ ಯಾವ ಕಡೆಯಿಂದ ಮುಟ್ಟಿದ್ರೂ ಅವ್ರಿಗೆ ಅರ್ಥ ಆಗ್ತಿರ್ಲಿಲ್ಲ.

೧. ಹರ್ಕೆ ಟಗರು

ಅಳಿಯ ಹಿಮದ ಬೆಟ್ಟದ ಮೇಲಿದ್ದಾಗ ಬೀಗಿತ್ತಿಗೆ ಅನ್ನ ಸೇರ್ತಿರ್ಲಿಲ್ಲ. ಅದಕ್ಕೆ ನಾನೂ ಒಂದಿಷ್ಟು ಕಾರಣ ಅನ್ನಿ. ಅಲ್ಲಿ ಚಳಿ ಹೆಂಗಿರ್ತೈತೆ ಅಂತ ಆಯಮ್ಮ ಕೇಳ್ದಾಗ, "ಲೋಟಕ್ಕೆ ಟೀ ಸುರಿದ್ರೆ ಮಧ್ಯದಾಗೇ ಗಟ್ಟಿಯಾಗ್ಬುಡ್ತದಮ್ಮ, ಅದನ್ನ ಕಡ್ಡಿ ಹಂಗೆ ಮುರ್ಕೊಂಡು ತಿಂತೀವಿ" ಅಂದಿದ್ದೆ. ಆಯಮ್ಮ ಅತ್ಕೊಂಡು ದೇವ್ರಿಗೆ ಹರ್ಕೆ ಕಟ್ಕೊಂತು: "ಸ್ವಾಮೀ, ನನ್ ಮಗನ್ನ ಕೆಳಗಿಳಿಸ್ಬುಡು, ನಿಂಗೊಂದು ಟಗರು ಕೊಡ್ತೀನಿ."

ಸ್ವಾಮಿ ಕೇಳಿಸ್ಕೊಂಡ. ಅಳಿಯನ ಪಲ್ಟನ್ನು ಬೆಟ್ಟ ಇಳಿದು ಬಯಲಿನ ಕಂಟೋನ್ಮೆಂಟಿಗೆ ಬಂತು. ಟಗರು ಬಿತ್ತು, ನೆಂಟ್ರು ಉಂಡ್ರು, ನಾನು ಎರಡ್ಸಲ ಬಡಿಸ್ಕೊಂಡೆ.

ಮುಂದಿನ ತಿಂಗ್ಳು ಬೀಗ್ರ ಫೋನು. "ಬಾವಾ, ಕೊಂಪ ಮುನಿಗಿಂದಿ" ಅಂದ್ರು. ನಮ್ ಬೀಗ್ರು ಸುಖಕ್ಕೆ ಕನ್ನಡ, ಕಷ್ಟಕ್ಕೆ ತೆಲುಗು ಮಾತಾಡೋದು. ಮನೆ ಮುಳುಗೋಯ್ತು ಅಂದ್ರೆ ಏನೋ ದೊಡ್ಡದೇ ಅನ್ಕೊಂಡು ಎದ್ದು ಕೂತೆ.

"ಏನಾಯ್ತು ಬೀಗ್ರೆ?"

"ಹುಡುಗ್ನ ಸಂಬ್ಳ ಇಳಿದೋಗೈತೆ. ಏನೋ ತಪ್ಪು ಮಾಡವ್ನೆ. ಹೆಗಲ ಮೇಲಿನ ಸ್ಟಾರ್ ಕಿತ್ಕೊಂಡವ್ರೋ ಏನೋ."

ಹಿಂದ್ಗಡೆಯಿಂದ ಬೀಗಿತ್ತಿ ಕೂಗ್ತಾ ಇತ್ತು: "ಸ್ಟಾರೂ ಇಲ್ಲ ಗೀರೂ ಇಲ್ಲ. ಬಯಲಿಗೆ ಬಂದ್ಮೇಲೆ ಯಾವಳೋ ಗಂಟು ಬಿದ್ದವ್ಳೆ. ಅರ್ಧ ಅವ್ಳಿಗೆ ಹೋಗ್ತೈತೆ."

"ನನ್ ಮಗ್ಳು ಏನಂತಾಳೆ?" ಅಂದೆ.

"ಏನೂ ಅನ್ನಲ್ಲ ಬಾವ. ರೊಟ್ಟಿ ಬಡೀತಾವ್ಳೆ. ಬೀದಿ ಕೊನೇಗಂಟ ಕೇಳಿಸ್ತೈತೆ."

ಆ ರೊಟ್ಟಿ ಸುದ್ದಿ ಕೇಳಿದ್ಮೇಲೆ ನಾನು ಕೂರ್ಲಿಲ್ಲ. ಬಸ್ ಹತ್ತಿ, ಬಸ್ ಬದಲಾಯಿಸಿ, ಕಲ್ಯಾಣದುರ್ಗಕ್ಕೆ ಹೋದೆ. ದಾರೀಲೇ ಅಳಿಯನ್ಗೆ ಫೋನ್ ಮಾಡ್ದೆ. "ಮಾವ, ಬೆಟ್ಟದ ಅಲೋಯನ್ಸ್ ನಿಂತೈತೆ, ಅಷ್ಟೇ. ನಾನೇಳಿದ್ರೆ ಯಾರೂ ನಂಬ್ತಿಲ್ಲ, ನೀವೇ ಬಿಡಿಸಿ ಹೇಳ್ಬುಡಿ" ಅಂದ.

ಬೀಗ್ರನ್ನ ಜಗಲಿ ಮೇಲೆ ಕೂರಿಸ್ಕೊಂಡೆ. "ನಿಮ್ ಕುರಿ ಕಾಯೋನ್ಗೆ ಏನೇನು ಕೊಡ್ತೀರಿ?"

"ವರ್ಸಕ್ಕೆ ಇಷ್ಟು ಅಂತ ದುಡ್ಡು. ಎರಡೊತ್ತು ಮುದ್ದೆ. ಒಂದು ಕಂಬ್ಳಿ, ಒಂದು ಜೊತೆ ಎಕ್ಕಡ."

"ಮಳೆ ಬೀಳ್ದಿದ್ದಾಗ ಮಂದೆ ಹೊಡ್ಕೊಂಡು ದೂರದ ಸೀಮೆಗೆ ಹೋದ್ರೆ?"

"ಮೇಲೆ ಇನ್ನೊಂದಿಷ್ಟು ಕೊಡ್ಬೇಕು. ಬಯಲಾಗೆ ಮಲಗ್ತಾನೆ. ಹಾವು, ತೋಳ ಎಲ್ಲ ಐತಲ್ಲ ಬಾವ."

"ಮಂದೆ ಊರಿಗೆ ವಾಪಸ್ ಬಂದ್ಮೇಲೂ ಕೊಡ್ತೀರಾ?"

"ಯಾಕ್ ಕೊಡ್ಲಿ? ಮನೇಲಿ ಹೆಂಡ್ತಿ ಪಕ್ಕ ಮಲಗ್ತಾನೆ, ಅದ್ಕೂ ನಾನು ದುಡ್ಡು ಕೊಡ್ಲಾ?"

"ಅಷ್ಟೇ ಬೀಗ್ರೆ. ವರ್ಸದ ದುಡ್ಡು ಅಂದ್ರೆ ಬೇಸಿಕ್ಕು. ಮುದ್ದೆ ಅಂದ್ರೆ ರೇಷನ್ನು. ಕಂಬ್ಳಿ ಎಕ್ಕಡ ಅಂದ್ರೆ ಡ್ರೆಸ್ ಅಲೋಯನ್ಸು. ತೋಳದ ದುಡ್ಡು ಅಂದ್ರೆ ಬೆಟ್ಟದ ಅಲೋಯನ್ಸು. ಹುಡುಗ ಊರಿಗಿಳಿದ, ತೋಳದ ದುಡ್ಡು ನಿಂತೋಯ್ತು. ಸ್ಟಾರು ಹೆಗಲ ಮೇಲೇ ಐತೆ."

ಬೀಗ್ರು ತೊಡೆ ತಟ್ಕೊಂಡ್ರು. ಒಳಗಡೆ ರೊಟ್ಟಿ ಸದ್ದು ಮೆತ್ತಗಾಯ್ತು. ಬೀಗಿತ್ತಿ ಮಾತ್ರ ಬಾಗ್ಲಾಗೆ ನಿಂತು ಬಾಳೊತ್ತು ಯೋಚ್ನೆ ಮಾಡಿ, "ಅಣ್ಣಾ, ಹಂಗಾದ್ರೆ ನಾವೇ ಒಂದು ಟಗರು ಕೊಟ್ಟು ಸಂಬ್ಳ ಇಳಿಸ್ಕೊಂಡಂಗಾಯ್ತಲ್ಲ" ಅಂತು.

ಮಾರ್ನೇ ದಿನ ಆಯಮ್ಮ ಮತ್ತೆ ಗುಡಿಗೋಯ್ತಂತೆ. ಏನ್ ಕೇಳ್ಕೊಂಡೆ ತಾಯಿ ಅಂದೆ. "ಪೂರ್ತಿ ಬ್ಯಾಡಣ್ಣ. ಅರ್ಧ ಬೆಟ್ಟ ಹತ್ತಿಸು ಅಂದೆ. ಈ ಸಲ ಕೋಳಿ ಸಾಕು."

೨. ಅರ್ಧ ಬೆಟ್ಟ

ಅರ್ಧ ಬೆಟ್ಟ ಅಂದಿದ್ಕೆ ನಗ್ಬೇಡಿ. ಮಿಲಿಟ್ರೀಲಿ ಅದ್ಕೂ ಲೆಕ್ಕ ಐತೆ. ಇಷ್ಟು ಎತ್ತರ ದಾಟಿದ್ರೆ ಇಷ್ಟು, ಅದ್ಕಿಂತ ಮೇಲೆ ಹೋದ್ರೆ ಇನ್ನಷ್ಟು. ಗೆರೆ ದಾಟ್ದಿದ್ರೆ ಚಳಿ ಐತೆ, ದುಡ್ಡಿಲ್ಲ. ಇದನ್ನ ಕಲ್ಯಾಣದುರ್ಗದ ಬಸ್ಟ್ಯಾಂಡ್ ಎದ್ರುಗಿರೋ ಹೋಟ್ಲಾಗೆ ಬೀಗ್ರಿಗೆ ವಿವರ್ಸ್ತಾ ಇದ್ದೆ. ಬರೀ ವಿವರಿಸಿದ್ರೆ ಹೆಂಗೆ, ಕೇಳೋರು ಜಾಸ್ತಿಯಾಗಿದ್ರು. ಅದ್ಕೆ ಒಂಚೂರು ಮಸಾಲೆ ಹಾಕ್ದೆ.

"ನಂದೂ ಒಂದ್ಸಲ ಹಂಗೇ ಆಯ್ತು. ನಮ್ ಬಂಕರು ಸರಿಯಾಗಿ ಗೆರೆ ಮೇಲೇ ಇತ್ತು. ನಾನು ಮಲಗಿದ್ರೆ ತಲೆ ಗೆರೆ ಮೇಲ್ಗಡೆ, ಕಾಲು ಕೆಳಗಡೆ. ಅಲೋಯನ್ಸ್ ಕೊಡಿ ಅಂತ ಕೇಳ್ದೆ. ಅಳೆಯೋಕೆ ಟೇಪ್ ಹಿಡ್ಕೊಂಡು ಕ್ಲರ್ಕೇ ಬಂದ್ಬುಟ್ಟ. ಅಳೆದ, ತಲೆ ಕೆರ್ಕೊಂಡ. 'ಸಾಬ್, ಡ್ಯೂಟಿ ಮಾಡೋದು ನಿಮ್ ತಲೇನೋ, ಕಾಲೋ?' ಅಂದ. ನಾನು ಬಾಯ್ ಬಿಡ್ಬಾರ್ದಾಗಿತ್ತು. 'ಮಿಲಿಟ್ರೀಲಿ ತಲೆ ಉಪಯೋಗ್ಸೋಕೆ ಎಲ್ಲಯ್ಯ ಬಿಡ್ತಾರೆ?' ಅಂದ್ಬುಟ್ಟೆ. 'ಕಾಲು' ಅಂತ ಬರ್ಕೊಂಡ. ಅಲೋಯನ್ಸ್ ಹೋಯ್ತು."

ಹೋಟ್ಲೆಲ್ಲ ನಕ್ತು. ಬೀಗ್ರು ನಗ್ಲಿಲ್ಲ. ಅದ್ರ ಅರ್ಥ ನಂಗೆ ಎರಡು ದಿನ ಬಿಟ್ಟು ತಿಳೀತು. ಅಳಿಯನ ಫೋನ್ ಬಂತು.

"ಮಾವ, ದಿಂಬು ಯಾವ ಕಡೆ ಹಾಕ್ಕೊಂತೀಯ ಅಂತ ನಮ್ಮಪ್ಪ ಕೇಳ್ತಾವ್ರೆ. ತಲೆ ಕೆಳಗಾದ್ರೂ ಆಗ್ಲಿ, ಕಾಲು ಮೇಲ್ಗಡೆ ಮಾಡ್ಕೊ ಅಂತಾರೆ. ಇಲ್ಲಿ ಸಮತಟ್ಟು ಬಯಲು ಮಾವ. ಯಾವ ಕಡೆ ಮಲಗಿದ್ರೆ ಏನ್ ಬತ್ತೈತೆ?"

"ನಿದ್ದೆ ಬತ್ತೈತೆ. ಮಲ್ಕೊಳಪ್ಪ" ಅಂದೆ.

೩. ಪೀಟಿ ಮೇಷ್ಟ್ರು

ಇದು ಹಿಂದೂಪುರದ್ದು. ನಮ್ ಬೀದೀಲಿ ಒಬ್ರು ಪೀಟಿ ಮೇಷ್ಟ್ರವ್ರೆ. ಸಾಯಂಕಾಲ ವಾಕಿಂಗ್‌ನಾಗೆ ಸಿಗ್ತಾರೆ. ಅಳಿಯನ ಸಂಬ್ಳದ ಕಥೆ ಅವ್ರ ಕಿವಿಗೂ ಬಿದ್ದಿತ್ತು.

"ತಾತಾ, ಒಂದು ಡೌಟು. ಬೇಸಿಕ್ಕು ಸರಿ, ಡಿಎ ನಮ್ಗೂ ಕೊಡ್ತಾರೆ, ಸರಿ. ಅದೇನು ಮಿಲಿಟ್ರಿ ಸರ್ವೀಸ್ ಪೇ ಅಂತ ಬೇರೆ ಒಂದು? ಮಿಲಿಟ್ರೀಲಿ ಇರೋದ್ಕೆ ತಾನೆ ಸಂಬ್ಳ ಕೊಡೋದು? ಮಿಲಿಟ್ರೀಲಿ ಇದೀಯ ಅಂತ ಇನ್ನೊಂದ್ಸಲ ಯಾಕೆ? ನಂಗೆ ಪೀಟಿ ಮೇಷ್ಟ್ರಾಗಿರೋದ್ಕೆ ಪೀಟಿ ಪೇ ಕೊಡ್ತಾರಾ?"

ಪ್ರಶ್ನೆ ಚೆನ್ನಾಗೇ ಇತ್ತು. ನಾನು ನಿಂತ್ಕೊಂಡೆ.

"ಮೇಷ್ಟ್ರೆ, ನಾಳೆ ಬೆಳಗ್ಗೆ ಪ್ರೇಯರ್ ಆದ್ಮೇಲೆ ನಿಮ್ ಹೆಡ್ಮಾಸ್ಟ್ರು ನಿಮ್ಮನ್ ಕರೆದು, 'ಆ ಗುಡ್ಡದ ಮೇಲಿಂದ ಗುಂಡು ಹಾರಿಸ್ತಾವ್ರೆ, ನೀವು ಮುಂದೆ ಹೋಗಿ' ಅಂದ್ರೆ ಏನ್ಮಾಡ್ತೀರಿ?"

ಮೇಷ್ಟ್ರು ಒಂದು ಗಳಿಗೇನೂ ಯೋಚ್ನೆ ಮಾಡ್ಲಿಲ್ಲ. "ರಜ ಹಾಕ್ತೀನಿ."

"ಆ ರಜ ಹಾಕೋಕೆ ಬಿಡಲ್ಲ ಅಂತ ಕೊಡೋ ದುಡ್ಡೇ ಅದು."

ಮೇಷ್ಟ್ರು ತಲೆ ಆಡಿಸಿ ಹತ್ತು ಹೆಜ್ಜೆ ನಡೆದ್ರು. ಆಮೇಲೆ ತಿರುಗಿ, "ನಮ್ ಹೆಡ್ಮಾಸ್ಟ್ರೂ ಬಿಡಲ್ಲ ತಾತ. ಗುಂಡಿಲ್ದಂಗೇ ಬಿಡಲ್ಲ" ಅಂದ್ರು.

೪. ಪೆನ್ಷನ್ ಮರಿ ಹಾಕೋದು

ಹಿಂಗಿರೋವಾಗ ನಿಜವಾದ ರಗಳೆ ಶುರುವಾಯ್ತು. ಅಳಿಯನ ಸರ್ವೀಸ್ ಮುಗೀತಾ ಬಂತು. ಇನ್ನೆರಡು ವರ್ಸ ಎಕ್ಸ್‌ಟೆನ್ಷನ್ ಬೇಕಾ ಬ್ಯಾಡ್ವಾ ಅಂತ ಆಫೀಸ್ನೋರು ಕೇಳಿದ್ರು. ಒಪ್ಕೊಂಡ್ರೆ ಅದ್ರೊಳ್ಗೆ ಸುಬೇದಾರ್ ಪ್ರಮೋಷನ್ ಸಿಕ್ಕೋ ಹಂಗಿತ್ತು. ಒಲ್ಲೆ ಅಂದ್ರೆ ಪೆನ್ಷನ್ ತಗೊಂಡು ಮನೆಗೆ.

ಬೀಗ್ರು, ಬೀಗಿತ್ತಿ ಒಂದ್ ಕಡೆ: ಇರ್ಲಿ, ಸುಬೇದಾರಾಗಿ ಬರ್ಲಿ. ನಾನು ನನ್ ಹೆಂಡ್ತಿ ಇನ್ನೊಂದ್ ಕಡೆ: ಬರ್ಲಿ, ಮಗ್ಳು ಒಬ್ಳೇ ಇದ್ದಿದ್ದು ಸಾಕು. ನನ್ ಹೆಂಡ್ತಿ ಇದನ್ನ ಮನಸ್ಸಿನಿಂದಾನೇ ಹೇಳಿದ್ಲು. ನಂದೂ ಮನಸ್ಸಿನಿಂದಾನೇ, ಆದ್ರೆ ಒಂದು ಚೂರು ಬೇರೆ ಲೆಕ್ಕಾನೂ ಇತ್ತು. ನಾನು ಇಳಿದಿದ್ದು ನಾಯಬ್ ಸುಬೇದಾರಾಗಿ. ಅಳಿಯ ಸುಬೇದಾರಾಗ್ಬುಟ್ರೆ ಮದ್ವೆ ಮನೇಲಿ ನಾನು ಎದ್ದು ಅವ್ನಿಗೆ ಕುರ್ಚಿ ಬಿಡ್ಬೇಕಾ? ಬಾಯಲ್ಲಿ "ನನ್ ಮಗ್ಳು, ನನ್ ಮಗ್ಳು" ಅಂತಿದ್ದೆ. ಕಣ್ಮುಂದೆ ಕುರ್ಚಿ ಬತ್ತಿತ್ತು.

ಬೀಗ್ರಿಗೆ ಒಂದು ಭ್ರಮೆ ಇತ್ತು. ಬೆಟ್ಟದ ಮೇಲಿದ್ದಾಗ ಕೈಗೆ ಬಂದಿದ್ದ ಸಂಬ್ಳದಾಗೆ ಅರ್ಧ ಪೆನ್ಷನ್ ಬತ್ತೈತೆ ಅನ್ಕೊಂಡಿದ್ರು. ನಾನು ಬಿಡಿಸ್ದೆ. "ಅಲ್ಲ ಬೀಗ್ರೆ. ಬೆಟ್ಟದ ದುಡ್ಡು ಬೆಟ್ಟದ ಮೇಲೇ ಇರ್ತೈತೆ. ರೇಷನ್ನು ಹೊಟ್ಟೇಲೇ ಹೋಯ್ತು. ಬಟ್ಟೆ ದುಡ್ಡು ಬಟ್ಟೇಲೇ ಹರ್ದೋಯ್ತು. ಬೇಸಿಕ್ಕು ಮತ್ತೆ ಆ ಮಿಲಿಟ್ರಿ ಸರ್ವೀಸ್ ಪೇ, ಇವೆರಡು ಸೇರ್ಸಿ ಅದ್ರಾಗೆ ಅರ್ಧ. ಅದ್ರ ಮೇಲೆ ಡಿಎ."

ಬೀಗ್ರ ಮುಖ ಬಾಡೋಯ್ತು. "ಅಷ್ಟೇನಾ? ನಮ್ ಕಡೆ ಅಷ್ಟು ವರ್ಸ ಮಂದೆ ಕಾಯ್ದೋನ್ಗೆ ಕೊನೇಗೆ ನಾಕು ಕುರಿಮರಿ ಕೊಟ್ಟು ಕಳಿಸ್ತೀವಿ ಬಾವ. ಅದು ಬೆಳೆದು ಮಂದೆಯಾಗ್ತೈತೆ. ಸರ್ಕಾರದ್ದು ಇದೇನು, ಸತ್ತ ದುಡ್ಡು."

ನಾನೂ ಪೆನ್ಷನ್ ತಿನ್ನೋನು, ಅದನ್ನ ಸತ್ತ ದುಡ್ಡು ಅಂದ್ರೆ ಸುಮ್ನಿರ್ತೀನಾ? "ಯಾರ್ ಬೀಗ್ರೆ ಸತ್ತಿದ್ದು ಅಂದೋರು? ಡಿಎ ಅಂದ್ರೆ ಏನ್ ಗೊತ್ತಾ? ಸಾಮಾನಿನ ಬೆಲೆ ಏರಿದಂಗೆ ಅದೂ ಏರ್ತೈತೆ. ಪೆನ್ಷನ್ನು ವರ್ಸಕ್ಕೆ ಎರಡ್ಸಲ ಮರಿ ಹಾಕ್ತೈತೆ. ನಿಮ್ ಕುರಿ ಹಾಕ್ತದಾ?"

ಬೀಗ್ರು ಕಣ್ಣರಳಿಸಿದ್ರು. ಎರಡ್ಸಲ ಅನ್ನೋದು ಅವ್ರ ಮನಸ್ಸಿಗೆ ನಾಟ್ಬುಡ್ತು. ಆದ್ರೂ ಕುರಿ ಸಾಕ್ದೋರು, ಅಷ್ಟು ಸುಲಭಕ್ಕೆ ನಂಬ್ತಾರಾ? "ಮರಿ ಹಾಕಿದ್ಮೇಲೆ ತೋಳ ಬಂದೇ ಬತ್ತೈತೆ ಬಾವ. ಇದ್ಕೆ ತೋಳ ಇಲ್ವಾ?"

"ಐತೆ ಬೀಗ್ರೆ. ಇನ್‌ಕಂ ಟ್ಯಾಕ್ಸ್ ಅಂತಾರೆ."

೫. ಮಗಳ ಮಾತು

ಎಕ್ಸ್‌ಟೆನ್ಷನ್ ವಿಷಯ ಅಳಿಯನ್ನ ಕೇಳಿದ್ರೆ ಒಂದೇ ಉತ್ರ: "ನಿಮ್ ಮಗ್ಳು ಏನಂದ್ರೆ ಅದು." ಅಲ್ಲಿಗೆ ಎಲ್ರೂ ನನ್ ಮಗ್ಳ ಕಡೆ ತಿರುಗಿದ್ರು.

ಬೀಗಿತ್ತಿ ಅವ್ಳ ಕೈಯಿಂದ ರೊಟ್ಟಿ ಹಿಟ್ಟು ಕಿತ್ಕೊಂಡು "ನೀನ್ ಕೂತ್ಕೊಳಮ್ಮ" ಅಂತು. ಬೆಳಗ್ಗೆ ಮೊಟ್ಟೆ, ಮಧ್ಯಾಹ್ನ ಕೆನೆ ಮೊಸ್ರು. ಅಂಗ್ಡಿಗೆ ಹೋಗ್ಬೇಕು ಅಂದ್ರೆ ಆಟೋ ಮನೆ ಬಾಗ್ಲಿಗೇ. ಕೊಡೋದು ಕೊಟ್ಟು ಆಮೇಲೆ ಮೆಲ್ಲಗೆ, "ಎರಡು ವರ್ಸ ಎಷ್ಟೊತ್ಗೆ ಹೋಗ್ತದಮ್ಮ, ಕಣ್ ಮುಚ್ಚಿ ಬಿಟ್ರೆ ಹೋಗ್ತದೆ" ಅಂತಿತ್ತು. ನಾನು ಸುಮ್ನಿರ್ತೀನಾ? ಹಿಂದೂಪುರದಿಂದ ಬಸ್ಸಿನ ಕಂಡಕ್ಟರ್ ಕೈಲಿ ಹೋಳಿಗೆ ಕಳಿಸ್ದೆ. ಅದ್ರ ಹಿಂದೆ ಒಂದು ರೇಷ್ಮೆ ಸೀರೆ. ಹಬ್ಬ ಯಾವ್ದು ಅಂತ ಕೇಳಿದ್ಲು. "ಹಬ್ಬ ಯಾಕಮ್ಮ ಬೇಕು, ನೀನೇ ನಮ್ಗೆ ಹಬ್ಬ" ಅಂದೆ. ಇಂಥ ಮಾತು ನಾನು ಅವ್ಳ ಮದ್ವೇಲೂ ಆಡಿರ್ಲಿಲ್ಲ.

ಬೀಗ್ರಿಗೆ ಸೀರೆ ಸುದ್ದಿ ಗೊತ್ತಾಯ್ತು. ಮಾರ್ನೇ ವಾರ ಅವ್ರೂ ಒಂದು ಜೊತೆ ಕಾಲ್ಗೆಜ್ಜೆ ತಂದ್ರು. ನಾನು ಹೋದಾಗ ನನ್ ಮಗ್ಳು ಮಂಚದ ಮೇಲೆ ಕೂತು ಗೆಜ್ಜೆ ಕಾಲು ಆಡಿಸ್ತಾ ಕಡ್ಲೇಬೀಜ ತಿಂತಾ ಇದ್ಲು.

"ಏನಮ್ಮಾ, ಏನ್ ತೀರ್ಮಾನ ಮಾಡ್ದೆ?"

"ಯೋಚ್ನೆ ಮಾಡ್ತಾ ಇದೀನಿ ಅಪ್ಪ. ದುಡುಕೋ ವಿಷ್ಯಾನಾ ಇದು?"

ಅವ್ರತ್ತೆ ಕೇಳಿದ್ರೂ ಅದೇ ಮಾತು, ಅವ್ರವ್ವ ಫೋನ್ ಮಾಡಿ ಕೇಳಿದ್ರೂ ಅದೇ ಮಾತು. ಬೀಗಿತ್ತಿ ಮಂಡಿ ಹಿಡ್ಕೊಂಡು ಅಡ್ಗೆ ಮನೆಯಿಂದ ಬಂದು ನನ್ ಪಕ್ಕ ಕೂತ್ಕೊಂತು.

"ಅಣ್ಣಾ, ಅಷ್ಟೊಂದು ಅಲೋಯನ್ಸ್ ಹೇಳ್ತೀರಲ್ಲ. ಸೊಸೆ ಸೇವೆ ಮಾಡೋ ಅತ್ತೇರ್ಗೆ ಏನಾದ್ರೂ ಕೊಡ್ತಾರಾ?"

"ಕೊಡ್ತಾರಮ್ಮ. ಆದ್ರೆ ಅಡ್ಗೆ ಮನೆ ಬೆಟ್ಟದ ಮೇಲಿರ್ಬೇಕು."

೬. ಸ್ಪೀಕರ್ ಫೋನು

ಆಫೀಸ್‌ಗೆ ಉತ್ರ ಕೊಡೋಕೆ ನಾಳೆಯೇ ಕೊನೆ ಅಂತ ಬೀಗ್ರು ಎಲ್ಲೋ ಕೇಳ್ಕೊಂಡು ಬಂದ್ರು. ನಮ್ನೂ ಕರೆಸಿದ್ರು. ಬೀಗ್ರ ಮನೆ ಪಡಸಾಲೇಲಿ ಚಾಪೆ ಹಾಕಿ ಕೂತ್ವಿ. ಮಧ್ಯದಾಗೆ ಫೋನು, ಸ್ಪೀಕರ್ ಹಾಕಿ ಮಣೆ ಮೇಲಿಟ್ಟಿದ್ರು. ನನ್ ಮಗ್ಳು ಕಂಬಕ್ಕೆ ಒರಗಿ, ರೇಷ್ಮೆ ಸೀರೆ ಉಟ್ಕೊಂಡು, ಗೆಜ್ಜೆ ಹಾಕ್ಕೊಂಡು ಕೂತಿದ್ಲು. ಬೀಗಿತ್ತಿ ಅವ್ಳ ಮುಂದೆ ಒಂದು ತಟ್ಟೆ ಉಂಡೆ ಇಡ್ತು. ನನ್ ಹೆಂಡ್ತಿ ಅದ್ರ ಪಕ್ಕದಾಗೇ ಒಂದು ತಟ್ಟೆ ಹೋಳಿಗೆ ಇಟ್ಲು.

ಅಳಿಯ ಫೋನ್ ಎತ್ತಿದ. ಮೊದ್ಲು ಬೀಗ್ರು ಮಾತಾಡಿದ್ರು, ಪೂರ್ತಿ ತೆಲುಗಿನಾಗೆ. ಅದ್ರಿಂದ್ಲೇ ವಿಷ್ಯ ಎಷ್ಟು ದೊಡ್ಡದು ಅಂತ ತಿಳ್ಕೊಳಿ. ಬೇಸಿಕ್ಕು, ಡಿಎ, ಸರ್ವೀಸ್ ಪೇ, ಸುಬೇದಾರಾದ್ರೆ ಯಾವ್ದು ಎಷ್ಟು ಏರ್ತೈತೆ, ಪೆನ್ಷನ್ನು ಎಷ್ಟು ದಪ್ಪ ಮರಿ ಹಾಕ್ತೈತೆ, ಎಲ್ಲ ಒಂದೂ ತಪ್ಪದಂಗೆ ಹೇಳಿದ್ರು. ನಾನು ಕಲಿಸಿದ್ದನ್ನ ನನ್ ಮೇಲೇ ತಿರುಗಿಸಿದ್ರು. ಸಂಬ್ಳ ಕೊಡೋ ಆಫೀಸ್ನೋರಿಗೂ ಅಷ್ಟು ಚೆನ್ನಾಗಿ ಹೇಳೋಕಾಗ್ತಿರ್ಲಿಲ್ಲ ಬಿಡಿ.

ಆಮೇಲೆ ನನ್ ಸರದಿ. ಗಂಟಲು ಸರಿ ಮಾಡ್ಕೊಂಡೆ. "ನೋಡಪ್ಪ, ಅಲೋಯನ್ಸ್ ಇವತ್ತು ಇರ್ತೈತೆ, ನಾಳೆ ಹೋಗ್ತೈತೆ. ಮಗ್ಳು ಕಾಯ್ತಾ ಕೂತವ್ಳೆ. ನಿನ್ ಮಕ್ಳು ನಿನ್ನ ನೋಡೋದು ವರ್ಸಕ್ಕೊಂದ್ಸಲ. ಮೊನ್ನೆ ಚಿಕ್ಕೋನು ಬೀದೀಲಿ ಹಸ್ರು ಬಟ್ಟೆ ಹಾಕ್ಕೊಂಡಿದ್ದ ಲೈನ್‌ಮ್ಯಾನ್‌ನ ನೋಡಿ ಅಪ್ಪ ಅಂದ್ಬುಟ್ಟ" ಅಂದೆ. ಲೈನ್‌ಮ್ಯಾನ್ ನಾನು ಆವಾಗ್ಲೇ ಹುಟ್ಟಿಸಿದ್ದು. ಆದ್ರೂ ನನ್ ಹೆಂಡ್ತಿ ಕಣ್ಣೊರೆಸ್ಕೊಂಡ್ಲು. ಬೀಗಿತ್ತೀನೂ ಒರೆಸ್ಕೊಂತು. ಆಮೇಲೆ ತಾನು ಆ ಕಡೆಯೋಳು ಅಂತ ಗ್ಯಾನ ಬಂದು ಸೆರಗು ಕೆಳಗಿಳಿಸ್ತು.

ಬೀಗ್ರು ಫೋನ್ ಕಡೆ ಬಗ್ಗಿದ್ರು.

"ಅಪ್ಪಾ, ಮಾವಾ" ಅಂದ ಅಳಿಯ. "ನಾನು ಸೈನ್ ಹಾಕಿ ಒಂದು ತಿಂಗ್ಳ ಮೇಲಾಯ್ತು."

"ಯಾವ್ದಕ್ಕೆ?" ಬೀಗ್ರೂ ನಾನೂ ಒಟ್ಗೇ ಕೇಳಿದ್ವಿ.

"ಒಲ್ಲೆ ಅಂತ. ಮನೆಗೆ ಬತ್ತೀನಿ."

ಬೀಗ್ರು ಗಾಬ್ರೀಲಿ ತೆಲುಗೂ ಮರೆತು ಕನ್ನಡಕ್ಕೆ ಬಂದ್ಬುಟ್ರು. "ಯಾರನ್ ಕೇಳಿ ಹಾಕ್ದೆ ಕಣ್ಲಾ?"

"ನಿಮ್ ಸೊಸೇನ ಕೇಳಿ. ಆಫೀಸ್ನೋರು ಕೇಳಿದ್ ದಿನಾನೇ ಅವ್ಳಿಗೆ ಫೋನ್ ಮಾಡ್ದೆ. ಸುಬೇದಾರಾದ್ರೆ ಇಷ್ಟಿಷ್ಟು ಬತ್ತೈತೆ ಅಂತ ಎಲ್ಲ ಹೇಳ್ದೆ. ಪೂರ್ತಿ ಕೇಳಿಸ್ಕೊಂಡ್ಲು. 'ಅದೆಲ್ಲ ಅಲ್ಲೇ ಇರ್ಲಿ, ನೀನ್ ಬಾ' ಅಂದ್ಲು. ನಾನ್ ಸೈನ್ ಹಾಕ್ದೆ."

ಬೀಗಿತ್ತಿ ಮೆಲ್ಲಗೆ ಗೋಡೆ ಕಡೆ ತಿರುಗಿ, ಈ ಸಲ ಯಾವ ಕಡೇನೂ ನೋಡ್ದೆ ಚೆನ್ನಾಗಿ ಅತ್ತು ಮುಗಿಸ್ತು. ನಾನು ಗೆದ್ದಿದ್ದೆ, ಕುರ್ಚಿ ಉಳ್ದಿತ್ತು. ಆದ್ರೂ ಬಂಡವಾಳ ಹಾಕಿದ್ದು ನಾನಲ್ವಾ, ಆ ಸೀರೆ ರೇಟು ನೆನೆಸ್ಕೊಂಡ್ರೆ ಗೆದ್ದಂಗೆ ಅನ್ನಿಸ್ಲಿಲ್ಲ.

ಬೀಗ್ರು ಸೊಸೆ ಕಡೆ ತಿರುಗಿದ್ರು. ಕೋಪ ಇಲ್ಲ, ಬರೀ ಸುಸ್ತು. "ಅಲ್ಲಮ್ಮಾ, ಒಂದು ತಿಂಗ್ಳಿಂದ ನಿಂಗೆ ಗೊತ್ತು. ನಾವು ಇಲ್ಲಿ ತಲೆ ಕೆಡಿಸ್ಕೊಂಡು ಓಡಾಡ್ತಾ ಇದೀವಿ. ಒಂದು ಮಾತು ಯಾಕಮ್ಮ ಹೇಳ್ಲಿಲ್ಲ?"

ನನ್ ಮಗ್ಳು ಒಂದು ಉಂಡೆ ಮುಗಿಸಿ, ಕೈ ಒರೆಸ್ಕೊಂಡು, ತಲೆ ತಗ್ಗಿಸ್ಕೊಂಡು ಹೇಳಿದ್ಲು:

"ಏನ್ ಮಾಡ್ಲಿ ಮಾವ. ಮದ್ವೆಯಾದಾಗಿಂದ ಬರೀ ಬೇಸಿಕ್‌ನಾಗೇ ಇದ್ದೆ. ಮೊದಲ್ನೇ ಸಲ ಎರಡೂ ಕಡೆಯಿಂದ ಅಲೋಯನ್ಸ್ ಬರೋಕೆ ಶುರುವಾಗಿತ್ತು. ನಿಲ್ಸೋಕೆ ಮನ್ಸು ಬರ್ಲಿಲ್ಲ."